ವಕರಿಮಸೆನ್ ಎನ್ನಬೇಕೋ, ಶಿರಿಮಸೆನ್ ಎನ್ನಬೇಕೋ? ಒಂದೇ ಅರ್ಥದವು ಎನಿಸುವ ಜಪಾನಿ ಪದಗಳ ಆಯ್ಕೆ

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಚೇರಿಯಲ್ಲಿ ಜಪಾನಿನ ತಂಡದ ಜೊತೆ ಕೆಲಸ ಮಾಡುತ್ತೇನೆ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್‌4 ಹಂತ ಮುಗಿಸಿ ಈಗ ಎನ್‌3ಕ್ಕೆ ಓದುತ್ತಿದ್ದೇನೆ. ವ್ಯಾಕರಣ ತಕ್ಕಮಟ್ಟಿಗೆ ಹಿಡಿತಕ್ಕೆ ಬಂದಿದೆ. ಕಾಡುತ್ತಿರುವುದು ಜೋಡಿ ಪದಗಳು. ನಿಘಂಟು ತೆರೆದರೆ ವಕರು, ಶಿರು ಎರಡಕ್ಕೂ ‘ತಿಳಿ’ ಎಂಬ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿರುತ್ತಾರೆ. ಸಮುಯಿ, ತ್ಸುಮೆತಯಿ ಎರಡೂ ‘ಕೋಲ್ಡ್’. ಒಮೊವು, ಕಂಗಯೆರು ಎರಡೂ ‘ಥಿಂಕ್’. ಪರೀಕ್ಷೆಯಲ್ಲಿ ನಾಲ್ಕು ವಾಕ್ಯ ಕೊಟ್ಟು ಪದ ಸರಿಯಾಗಿ ಬಳಕೆಯಾಗಿರುವುದು ಯಾವುದರಲ್ಲಿ ಎಂದು ಕೇಳುವ ಪ್ರಶ್ನೆಗಳಿರುತ್ತವೆ. ಅಲ್ಲಿ ನಾಲ್ಕೂ ಸರಿ ಎನಿಸುತ್ತದೆ.

ಸದ್ಯಕ್ಕೆ ತುರ್ತಾಗಿ ಒಂದು ಉತ್ತರ ಬೇಕಾಗಿದೆ. ಬಿಡಿಭಾಗ ಯಾವ ದಿನ ಬಂದು ಸೇರುತ್ತದೆ ಎಂದು ಜಪಾನಿನಿಂದ ಮೇಲ್ ಬಂದಿದೆ. ಸರಬರಾಜುದಾರರು ಇನ್ನೂ ದಿನ ಹೇಳಿಲ್ಲ. ‘ಗೊತ್ತಿಲ್ಲ’ ಎನ್ನಲು ನಾನು ವಕರಿಮಸೆನ್ ಎಂದು ಬರೆಯಲೋ, ಶಿರಿಮಸೆನ್ ಎಂದೋ? ಇದನ್ನೂ ಮೀರಿ, ಇಂಥ ಜೋಡಿಗಳನ್ನು ನೀವೆಲ್ಲ ಹೇಗೆ ಬಿಡಿಸಿಕೊಳ್ಳುತ್ತೀರಿ ಎಂದು ತಿಳಿಯುವ ಆಸೆ ಇದೆ.

ನಗೋಯಾ ನಿವಾಸಿ

ಶಿರಿಮಸೆನ್ ಬೇಡವೇ ಬೇಡ.

ಶಿರು ಎಂದರೆ ಹೊರಗಿನ ಒಂದು ಸಂಗತಿ ನಮ್ಮ ಅರಿವಿಗೆ ಬಂದು ಸೇರುವುದು. ಸೇರಿದ ಮೇಲೆ ಅದು ನಮ್ಮಲ್ಲಿ ಉಳಿಯುತ್ತದೆ, ಆದ್ದರಿಂದ ‘ಗೊತ್ತಿದೆ’ ಎನ್ನಲು ಶಿತ್ತೆ ಇಮಸ್ ಎನ್ನುತ್ತಾರೆ. ‘ಗೊತ್ತಿಲ್ಲ’ ಎನ್ನುವಾಗ ಮಾತ್ರ ಶಿತ್ತೆ ಇಮಸೆನ್ ಎನ್ನದೆ ಶಿರಿಮಸೆನ್ ಎನ್ನುತ್ತಾರೆ: ಆ ಸಂಗತಿ ನನ್ನ ಬಳಿ ಬಂದೇ ಇಲ್ಲ. ಇಂಥವರ ಪರಿಚಯ ಇದೆಯೇ ಎಂದು ಯಾರಾದರೂ ಕೇಳಿದರೆ ‘ಈಯೆ, ಶಿರಿಮಸೆನ್’ ಎನ್ನುವುದು ಸಹಜ. ಅಲ್ಲಿ ವಕರಿಮಸೆನ್ ಎಂದರೆ ಅಸಹಜ. ಆದರೆ ನಿಮ್ಮ ಹೊಣೆಗೆ ಸೇರಿದ್ದನ್ನು ಕೇಳಿದಾಗ ಶಿರಿಮಸೆನ್ ಎಂದರೆ ‘ಅದು ನನ್ನ ವಿಷಯವಲ್ಲ’ ಎಂದು ಮುಖ ತಿರುಗಿಸಿದಂತೆ ಕೇಳಿಸುತ್ತದೆ.

ವಕರು ಬೇರೆ ಬಗೆಯದು. ಕಲಸಿಹೋಗಿರುವುದರಿಂದ ಒಂದು ಸಂಗತಿ ಬಿಡಿಸಿಕೊಂಡು ಸ್ಪಷ್ಟವಾಗುವುದು ವಕರು. ಭಾಗ ಮಾಡು ಎಂಬ ಅರ್ಥದ ವಕೆರು ಇದರ ನಂಟಿನದೇ. ಎರಡನ್ನೂ ಒಂದೇ ಕಂಜಿಯಲ್ಲಿ, ಅಂದರೆ ಚೀನಾ ಮೂಲದ ಒಂದೇ ಲಿಪಿಚಿಹ್ನೆಯಲ್ಲಿ ಬರೆಯುತ್ತಾರೆ. ವಕರಿಮಸೆನ್ ಎಂದಾಗ ‘ನೋಡಿದ್ದೇನೆ, ಯೋಚಿಸಿದ್ದೇನೆ, ಆದರೆ ಸ್ಪಷ್ಟವಾಗಿಲ್ಲ’ ಎಂಬ ಧ್ವನಿ ಇರುತ್ತದೆ. ನಿಮ್ಮದೇ ಮುಂದಿನ ಯೋಜನೆಯ ಬಗ್ಗೆ ಕೇಳಿದರೂ ಹೀಗೆಯೇ. ಮುಂದಿನ ವರ್ಷ ಊರಿಗೆ ಹಿಂದಿರುಗುತ್ತೀರಾ ಎಂದರೆ ‘ಮದ ವಕರಿಮಸೆನ್’ ಎನ್ನಬೇಕು, ಮದ ಎಂದರೆ ಇನ್ನೂ. ಶಿರಿಮಸೆನ್ ಎಂದರೆ ಸ್ವಂತ ಬದುಕಿನ ಸುದ್ದಿ ತನಗೇ ತಲುಪಿಲ್ಲ ಎಂದಂತಾಗುತ್ತದೆ.

ಅನುವಾದದ ಮೇಜು

ನಗೋಯಾದವರು ಹೇಳಿದ್ದು ಸರಿ. ಆದರೂ ಕಚೇರಿಯ ಮೇಲ್‌ನಲ್ಲಿ ಬರೀ ವಕರಿಮಸೆನ್ ಎಂದು ನಿಲ್ಲಿಸಬೇಡಿ. ಜಪಾನಿನ ಗ್ರಾಹಕರಿಗೆ ಹೋಗುವ ಪತ್ರಗಳಲ್ಲಿ ಇದಕ್ಕೆ ವಕರಿಕನೆಮಸ್ ಎಂಬ ರೂಪ ಇದೆ. ಕ್ರಿಯಾಪದಕ್ಕೆ ಕನೆರು ಸೇರಿದರೆ ‘ಹಾಗೆ ಮಾಡುವುದು ನನಗೆ ಕಷ್ಟವಾಗುತ್ತಿದೆ’ ಎಂಬ ಮೃದುವಾದ ನಿರಾಕರಣೆ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ವಾಕ್ಯ: ‘ಕಕುನಿನ್ ಇತಶಿಮಸ್’, ಖಚಿತಪಡಿಸಿಕೊಳ್ಳುತ್ತೇನೆ. ಓದುವವರು ಕಾಯುತ್ತಿರುವುದು ಆ ವಾಕ್ಯಕ್ಕೆ. ‘ಗೆಂಜಿತೆನ್ ದೆವ ವಕರಿಕನೆಮಸ್. ಕಕುನಿನ್ ಇತಶಿಮಸ್’ ಎಂದು ಬರೆಯಿರಿ. ಗೆಂಜಿತೆನ್ ಎಂದರೆ ಸದ್ಯದ ಹಂತ.

ಒಪ್ಪಿಗೆ ಸೂಚಿಸುವಾಗಲೂ ಇದೇ ಎಚ್ಚರ ಬೇಕು. ‘ಆಯಿತು’ ಎನ್ನಲು ಸಹೋದ್ಯೋಗಿಗೆ ರ್ಯೋಕಯಿ ಸಾಕು. ಮೇಲಧಿಕಾರಿಗೆ ಮತ್ತು ಗ್ರಾಹಕರಿಗೆ ಶೋಚಿ ಶಿಮಶಿತ ಅಥವಾ ಕಶಿಕೊಮರಿಮಶಿತ. ರ್ಯೋಕಯಿ ಅಗೌರವವೇ ಅಲ್ಲವೇ ಎಂಬುದರ ಬಗ್ಗೆ ಜಪಾನಿಯರಲ್ಲೇ ಜಗಳವಿದೆ. ಜಗಳವಿರುವ ಪದವನ್ನು ಹೊರಗಿನವರಾದ ನಾವು ಗ್ರಾಹಕರ ಮುಂದೆ ಬಳಸುವುದೇಕೆ?

ಮೈಸೂರು ಪಾಠ

ನಾನು ಜಪಾನಿ ಕಲಿಸುತ್ತೇನೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಮ್ಮವರು ಜಪಾನಿಯನ್ನು ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪುಸ್ತಕ ಇಂಗ್ಲಿಷಿನದು, ಮೊಬೈಲ್ ಆ್ಯಪ್ ಇಂಗ್ಲಿಷಿನದು. ತೊಡಕಿನ ಅರ್ಧ ಪಾಲು ಹುಟ್ಟುವುದೇ ಅಲ್ಲಿ. ಇಂಗ್ಲಿಷ್ ಎರಡನ್ನು ಒಂದಾಗಿಸಿದ ಕಡೆ ಕನ್ನಡ ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡಿರುತ್ತದೆ. ಆ ಸೌಲಭ್ಯ ಮನೆಯಲ್ಲೇ ಇದ್ದರೂ ನಾವು ಬಳಸುವುದಿಲ್ಲ.

ಸಮುಯಿ ಎಂದರೆ ಚಳಿ. ತ್ಸುಮೆತಯಿ ಎಂದರೆ ತಣ್ಣಗಿರುವುದು. ‘ಇವತ್ತು ಚಳಿ’ ಎನ್ನುತ್ತೇವೆ, ‘ನೀರು ತಣ್ಣಗಿದೆ’ ಎನ್ನುತ್ತೇವೆ. ‘ನೀರು ಚಳಿಯಾಗಿದೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಜಪಾನಿಯರೂ ಹೇಳುವುದಿಲ್ಲ. ಸುಝುಶೀ ಎಂದರೆ ತಂಪು, ಅತತಕಯಿ ಎಂದರೆ ಬೆಚ್ಚಗೆ. ಇವನ್ನು ಕಲಿಯಲು ಕನ್ನಡಿಗನಿಗೆ ಇಂಗ್ಲಿಷಿನ ವಿವರಣೆಯೇ ಬೇಕಾಗಿಲ್ಲ. ಇನ್ನು ಸೆಕೆಗೂ ಬಿಸಿ ಕಾಫಿಗೂ ಜಪಾನಿಯರು ಅತ್ಸುಯಿ ಎಂದೇ ಹೇಳಿ ಬರವಣಿಗೆಯಲ್ಲಿ ಮಾತ್ರ ಕಂಜಿ ಬದಲಿಸುತ್ತಾರೆ. ಅಲ್ಲಿ ನಮ್ಮ ವಿಂಗಡಣೆ ಅವರದಕ್ಕಿಂತ ಸೂಕ್ಷ್ಮ.

ಅಕ್ಕಿಯ ವಿಷಯ ನೋಡಿ. ಗದ್ದೆಯಲ್ಲಿ ನಿಂತ ಪೈರು ಇನೆ, ಹೊಟ್ಟು ಬಿಡಿಸದ ಕಾಳು ಮೊಮಿ, ಬಿಡಿಸಿದ್ದು ಕೊಮೆ, ಬೇಯಿಸಿದ್ದು ಗೊಹನ್. ಪೈರು, ಭತ್ತ, ಅಕ್ಕಿ, ಅನ್ನ. ಗದ್ದೆ ಕಂಡ ಎರಡು ಭಾಷೆಗಳಿಗೆ ಇದನ್ನು ಪರಸ್ಪರ ವಿವರಿಸುವ ಅಗತ್ಯವೇ ಇಲ್ಲ. ಗೊಹನ್ ಎಂದರೆ ಊಟವೂ ಹೌದು. ಅದೇ ಅನ್ನವನ್ನು ಪಾಶ್ಚಾತ್ಯ ಬಗೆಯ ಹೋಟೆಲಿನಲ್ಲಿ ತಟ್ಟೆಗೆ ಹಾಕಿ ಕೊಟ್ಟರೆ ರಯಿಸು ಆಗುತ್ತದೆ. ಬಟ್ಟಲಲ್ಲಿದ್ದರೆ ಗೊಹನ್, ತಟ್ಟೆಯಲ್ಲಿದ್ದರೆ ರಯಿಸು. ಈ ಒಂದು ಮೆಟ್ಟಿಲು ಮಾತ್ರ ನಮಗೆ ಹೊಸದು.

ಕಿಕು ಎಂಬುದಕ್ಕೆ ಇಂಗ್ಲಿಷ್ ಪುಸ್ತಕಗಳು ಎರಡು ಅರ್ಥ ಕೊಟ್ಟು ಎಚ್ಚರಿಸುತ್ತವೆ: ಕಿವಿಗೊಡುವುದು ಮತ್ತು ಪ್ರಶ್ನೆ ಹಾಕುವುದು. ನಮಗೆ ಅದು ಒಂದೇ ಪದ, ಕೇಳು. ಹಾಡು ಕೇಳುತ್ತೇವೆ, ದಾರಿಯನ್ನೂ ಕೇಳುತ್ತೇವೆ. ‘ಸೆನ್ಸೇ ನಿ ಕಿಕು’ ಎಂದರೆ ಮೇಷ್ಟರನ್ನು ಕೇಳಿದ್ದೂ ಆಗಬಹುದು, ಮೇಷ್ಟರಿಂದ ಕೇಳಿದ್ದೂ ಆಗಬಹುದು. ಗೊಂದಲ ಬೇಡವಾದರೆ ಪ್ರಶ್ನೆಗೆ ತಝುನೆರು ಬಳಸಿ. ಹಿರಿಯರ ಮುಂದೆ ವಿನಯದಿಂದ ಹೇಳುವಾಗ ಎರಡಕ್ಕೂ ಉಕಗೌ ಎಂಬ ಒಂದೇ ಪದ. ಅವರಲ್ಲಿಗೆ ಭೇಟಿಗೆ ಹೋಗುವುದಕ್ಕೂ ಅದೇ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸೋ ಎಂಬ ಪ್ರತ್ಯಯ. ‘ಅಮೆ ಗ ಫುರು ಸೋ ದೆಸ್’ ಎಂದರೆ ಮಳೆ ಬರುತ್ತದಂತೆ. ‘ಅಮೆ ಗ ಫುರಿಸೋ ದೆಸ್’ ಎಂದರೆ ಮಳೆ ಬರುವಂತಿದೆ. ಪೂರ್ಣ ಕ್ರಿಯಾಪದಕ್ಕೆ ಸೋ ಸೇರಿದರೆ ಬೇರೆಯವರಿಂದ ಕೇಳಿದ ಸುದ್ದಿ, ಕ್ರಿಯೆಯ ಕಾಂಡಕ್ಕೆ ಸೇರಿದರೆ ಕಣ್ಣಿಗೆ ಕಂಡ ಲಕ್ಷಣ. ಈಗ ಕನ್ನಡದ ಕಡೆ ತಿರುಗಿ: ‘ಬರುತ್ತದೆ’ ಎಂಬ ಪೂರ್ಣ ರೂಪಕ್ಕೆ ಅಂತೆ ಸೇರಿದರೆ ಸುದ್ದಿ, ‘ಬರುವ’ ಎಂಬುದಕ್ಕೆ ಸೇರಿದರೆ ಲಕ್ಷಣ. ಎರಡು ಭಾಷೆಗಳೂ ಒಂದೇ ಧ್ವನಿಯನ್ನು ಎರಡು ಜಾಗದಲ್ಲಿ ಅಂಟಿಸಿ ಎರಡು ಕೆಲಸ ಮಾಡಿಸುತ್ತವೆ. ಒಯಿಶೀ ಸೋ ದೆಸ್ ಎಂದರೆ ರುಚಿಯಾಗಿದೆಯಂತೆ, ಒಯಿಶಿಸೋ ದೆಸ್ ಎಂದರೆ ರುಚಿಯಾಗಿರುವಂತಿದೆ. ಎದುರಿಗೆ ಊಟ ಬಡಿಸಿದವರಿಗೆ ಮೊದಲನೆಯದನ್ನು ಹೇಳಿದರೆ ಅವರಿಗೆ ವಿಚಿತ್ರ ಎನಿಸುತ್ತದೆ.

ಒಂದೇ ಒಂದು ಅಪಾಯವಿದೆ. ಮುದ್ದಾಗಿದೆ ಎನ್ನುವ ಕವಯೀಗೆ ಈ ಎರಡನೆಯ ಸೋ ಹಚ್ಚಬೇಡಿ. ಕವಯಿಸೋ ಎಂದರೆ ‘ಅಯ್ಯೋ ಪಾಪ’. ಸಹೋದ್ಯೋಗಿಯ ಮಗುವಿನ ಫೋಟೊ ನೋಡಿ ಹೇಳುವ ಮಾತಲ್ಲ.

ಹೇಮಾವತಿ ದಂಡೆ

ಎಲ್ಲರಿಗೂ ಕೃತಜ್ಞತೆ. ಮೇಲ್ ಹೋಯಿತು. ಅಂತೆಯ ಸಂಗತಿ ಓದಿ ಬಹಳ ಖುಷಿಯಾಯಿತು. ಅದಕ್ಕಾಗಿ ಕೋಷ್ಟಕ ಮಾಡಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಹಾಗಾದರೆ ಗೊತ್ತಿಲ್ಲ ಎಂದರೆ ಶಿರಿಮಸೆನ್, ಗೊತ್ತಾಗುತ್ತಿಲ್ಲ ಎಂದರೆ ವಕರಿಮಸೆನ್ ಎಂದು ಇಟ್ಟುಕೊಳ್ಳಬಹುದೇ?

ಮೈಸೂರು ಪಾಠ

ತುಂಬ ಒಳ್ಳೆಯ ಆಧಾರ. ವಾಕ್ಯರಚನೆಯೂ ಹೊಂದುತ್ತದೆ. ‘ನನಗೆ ಅರ್ಥವಾಗುತ್ತದೆ’ ಎನ್ನುವಾಗ ಅರ್ಥವಾಗುವ ವಸ್ತುವೇ ಕರ್ತೃ, ನಾನು ಚತುರ್ಥಿಯಲ್ಲಿ ನಿಲ್ಲುತ್ತೇನೆ. ವಕರು ಕೂಡ ತನ್ನ ವಸ್ತುವಿಗೆ ಒ ಎಂಬ ಕರ್ಮಸೂಚಕ ಹಚ್ಚುವುದಿಲ್ಲ, ಗ ಹಚ್ಚುತ್ತದೆ. ಶಿರುಗೆ ಒ. ಇಂಗ್ಲಿಷ್ ಮೂಲಕ ಬಂದವರು ಇಲ್ಲಿ ಎಡವುತ್ತಲೇ ಇರುತ್ತಾರೆ.

ನಗೋಯಾ ನಿವಾಸಿ

ಇಲ್ಲಿ ನನ್ನದೊಂದು ತಕರಾರು. ಮೇಷ್ಟರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಕನ್ನಡದ ಮೇಲೆ ಪೂರ್ತಿ ಭಾರ ಹಾಕುವುದು ಸರಿಯಲ್ಲ. ನಾನು ಮೇಲೆ ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮುಂದಿನ ವರ್ಷ ಊರಿಗೆ ಹೋಗುತ್ತೀರಾ? ‘ಇನ್ನೂ ಗೊತ್ತಿಲ್ಲ’ ಎನ್ನುತ್ತೇವೆ, ‘ಗೊತ್ತಾಗುತ್ತಿಲ್ಲ’ ಎನ್ನುವುದಿಲ್ಲ. ಆ ಆಧಾರ ಹಿಡಿದವರು ನೇರವಾಗಿ ಶಿರಿಮಸೆನ್‌ಗೆ ಹೋಗಿ ಬೀಳುತ್ತಾರೆ.

ಇದಕ್ಕಿಂತ ದೊಡ್ಡ ಅಪಾಯ ಇರುವುದು ಕೊಡುವುದರಲ್ಲಿ. ಕನ್ನಡದಲ್ಲಿ ಯಾರು ಯಾರಿಗೆ ಕೊಟ್ಟರೂ ಕೊಟ್ಟದ್ದೇ. ಜಪಾನಿಯಲ್ಲಿ ನನ್ನ ಕಡೆಯಿಂದ ಹೊರಕ್ಕೆ ಹೋದರೆ ಅಗೆರು, ನನ್ನ ಕಡೆಗೆ ಬಂದರೆ ಕುರೆರು. ‘ತೊಮೊದಚಿ ಗ ಹೊನ್ ಒ ಕುರೆತ’ ಎಂದರೆ ಸ್ನೇಹಿತ ನನಗೆ ಪುಸ್ತಕ ಕೊಟ್ಟ. ‘ನನಗೆ’ ಎಂಬ ಪದವೇ ಬೇಡ, ಕ್ರಿಯಾಪದವೇ ಅದನ್ನು ಹೇಳುತ್ತದೆ. ಕುರೆತ ಬದಲು ಅಗೆತ ಎಂದರೆ ಅವನು ಇನ್ನಾರಿಗೋ ಕೊಟ್ಟ ಎಂದಾಗುತ್ತದೆ. ನನ್ನ ತಂಗಿಗೆ ಕೊಟ್ಟರೂ ಕುರೆರು, ಏಕೆಂದರೆ ತಂಗಿ ನನ್ನ ಬಳಗದವಳು. ಕಚೇರಿಯಲ್ಲಿ ಈ ಬಳಗದ ಗಡಿ ಸರಿಯುತ್ತದೆ: ಗ್ರಾಹಕರ ಮುಂದೆ ನನ್ನ ಸಂಸ್ಥೆಯವರೆಲ್ಲ ನನ್ನವರು.

‘ಮಾಡಿಕೊಡು’ ಎಂಬುದನ್ನು ನೋಡಿ. ಕನ್ನಡದಲ್ಲಿ ‘ಸರ್, ನಾನು ಮಾಡಿಕೊಡುತ್ತೇನೆ’ ಎಂದರೆ ಸೌಜನ್ಯ. ಅದನ್ನೇ ಮೇಲಧಿಕಾರಿಗೆ ‘ಶಿತೆ ಅಗೆಮಸ್’ ಎಂದರೆ ಉಪಕಾರ ಮಾಡುತ್ತಿದ್ದೇನೆ ಎಂದು ಎತ್ತರದಲ್ಲಿ ನಿಂತು ಹೇಳಿದಂತಾಗುತ್ತದೆ. ಚೀಲ ಹಿಡಿದುಕೊಳ್ಳಲೇ ಎನ್ನಲು ‘ಮೊತ್ತೆ ಅಗೆಮಶೋ ಕ’ ಬೇಡ, ‘ಒಮೊಚಿ ಶಿಮಸ್’ ಎನ್ನಿ. ಕನ್ನಡದ ಸಾಮ್ಯ ಇಲ್ಲಿ ನೆರವಾಗುವ ಬದಲು ಕೆಡಿಸುತ್ತದೆ.

ನೇತ್ರಾವತಿ

ಮಧ್ಯೆ ಒಂದು ಮಾತು. ನಾನು ಮಂಗಳೂರಿನವಳು, ಮನೆಯ ಸುತ್ತ ಮಲಯಾಳಂ ಕೇಳುತ್ತಾ ಬೆಳೆದವಳು. ಅವರಲ್ಲಿ ನನಗೆ ಅಥವಾ ನಿನಗೆ ಕೊಡುವುದಕ್ಕೆ ತರಿಕ, ಮೂರನೆಯವರಿಗೆ ಕೊಡುವುದಕ್ಕೆ ಕೊಡುಕ್ಕುಕ. ಕುರೆರು, ಅಗೆರು ಕಲಿಯುವಾಗ ಅದು ನನಗೆ ದಾರಿ ತೋರಿತು. ಪೂರ್ತಿ ಒಂದೇ ಅಲ್ಲ, ನಾನು ನಿಮಗೆ ಕೊಟ್ಟರೆ ಮಲಯಾಳಂ ತರಿಕ ಎನ್ನುತ್ತದೆ, ಜಪಾನಿ ಅಗೆರು ಎನ್ನುತ್ತದೆ. ಆದರೆ ಕೊಡುವುದಕ್ಕೆ ದಿಕ್ಕು ಇರುತ್ತದೆ ಎಂಬುದೇ ಹೊಸದಾಗಿರಲಿಲ್ಲ. ಹಾಗಾಗಿ ಕನ್ನಡ ಮಾತ್ರವಲ್ಲ, ನಿಮ್ಮ ಕಿವಿಗೆ ಬಿದ್ದ ಎಲ್ಲ ಭಾಷೆಗಳನ್ನೂ ಕೆಲಸಕ್ಕೆ ಹಚ್ಚಿ.

ಅನುವಾದದ ಮೇಜು

ನಗೋಯಾ ಮತ್ತು ಮೈಸೂರು ಇಬ್ಬರೂ ಹೇಳುತ್ತಿರುವುದು ನನಗೆ ಒಂದೇ ಕೆಲಸದ ಎರಡು ಬದಿಗಳಾಗಿ ಕಾಣುತ್ತದೆ. ಕನ್ನಡ ವಿಂಗಡಿಸಿದ್ದನ್ನು ಬಿಟ್ಟಿಯಾಗಿ ಪಡೆಯಿರಿ. ಕನ್ನಡ ಒಂದಾಗಿಸಿದ್ದನ್ನು ಪಟ್ಟಿ ಮಾಡಿ, ಓದುವ ಸಮಯವನ್ನೆಲ್ಲ ಅಲ್ಲಿಗೆ ಕೊಡಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ಬೇಕು. ಜಪಾನಿಯಿಂದ ಕನ್ನಡಕ್ಕೆ ತರುವಾಗ ಈ ಪದ ನನ್ನನ್ನು ಕಾಪಾಡುತ್ತದೆ, ಕನ್ನಡದಿಂದ ಜಪಾನಿಗೆ ಹೋಗುವಾಗ ಪ್ರತಿ ಸಲ ನಿಲ್ಲಿಸುತ್ತದೆ.

ನನಗೆ ನೀರು ಬೇಕು: ಮಿಝು ಗ ಹೊಶೀ. ವಸ್ತುವಾದರೆ ಹೊಶೀ.

ನಾನು ಜಪಾನಿಗೆ ಹೋಗಬೇಕು. ಇದು ಆಸೆಯೋ ಕರ್ತವ್ಯವೋ? ಕನ್ನಡದಲ್ಲಿ ಧ್ವನಿಯಿಂದ ಮತ್ತು ಸಂದರ್ಭದಿಂದ ಗೊತ್ತಾಗುತ್ತದೆ. ಜಪಾನಿಯಲ್ಲಿ ಬರೆಯುವ ಮೊದಲೇ ನಿರ್ಧರಿಸಬೇಕು. ಆಸೆಯಾದರೆ ಇಕಿತಯಿ. ಕಚೇರಿ ಕಳಿಸುತ್ತಿದೆ, ಬಿಡುವಂತಿಲ್ಲ ಎಂದಾದರೆ ಇಕನಕೆರೆಬ ನರಿಮಸೆನ್. ಎರಡನೆಯದನ್ನು ಹಾಗೇ ಬಿಡಿಸಿದರೆ ‘ಹೋಗದಿದ್ದರೆ ಆಗುವುದಿಲ್ಲ’. ನಮ್ಮಲ್ಲೂ ಆ ಮಾತಿದೆ, ಅದನ್ನು ನೆನಪಿಟ್ಟುಕೊಂಡರೆ ಇದು ಸಲೀಸು.

ಅವನು ಬರಬೇಕು ಎಂಬುದು ನನ್ನ ಆಸೆ: ಕಿತೆ ಹೊಶೀ. ಮಾಡುವವನು ಬೇರೆ, ಬಯಸುವವನು ನಾನು.

ರೈಲು ಇಷ್ಟು ಹೊತ್ತಿಗೆ ಬಂದಿರಬೇಕು. ವೇಳಾಪಟ್ಟಿ ನೋಡಿ ಹೇಳುತ್ತಿದ್ದರೆ ‘ಮೋ ತ್ಸುಯಿತ ಹಝು ದೆಸ್’. ಹಝು ಎಂದರೆ ಕೈಯಲ್ಲಿರುವ ಆಧಾರದಿಂದ ಲೆಕ್ಕ ಹಾಕಿ ತಲುಪಿದ ನಿರೀಕ್ಷೆ. ಆಧಾರ ಗಟ್ಟಿಯಿಲ್ಲ, ಆದರೆ ಮನಸ್ಸಿಗೆ ಖಾತ್ರಿ ಎನಿಸಿದರೆ ನಿ ಚಿಗಯಿನಯಿ. ಸ್ವಂತ ಯೋಜನೆಗೆ ಹಝು ಬರುವುದಿಲ್ಲ. ‘ನಾಳೆ ನಾನು ಹೋಗುವವನಿದ್ದೇನೆ’ ಎನ್ನಲು ತ್ಸುಮೊರಿ ಅಥವಾ ಯೊತೇ. ತನ್ನ ನಿರ್ಧಾರವನ್ನು ತಾನೇ ಹೊರಗಿನಿಂದ ಊಹಿಸುವುದು ಅವರಿಗೆ ಅಸಹಜ.

ದೊಡ್ಡವರಿಗೆ ಗೌರವ ಕೊಡಬೇಕು, ಮಾತು ಉಳಿಸಿಕೊಳ್ಳಬೇಕು: ಇಲ್ಲಿ ಬೆಕಿ. ಧರ್ಮ, ನ್ಯಾಯ, ಇರಬೇಕಾದ ರೀತಿ. ಇದನ್ನು ಎದುರಿಗಿರುವ ಹಿರಿಯರಿಗೆ ಹೇಳಿದರೆ ಬುದ್ಧಿ ಹೇಳಿದಂತಾಗುತ್ತದೆ, ಹಾಗಾಗಿ ಸಲಹೆ ಕೊಡುವಾಗ ‘ಹೋ ಗ ಈ’ ಬಳಸಿ, ಅಂದರೆ ‘ಹಾಗೆ ಮಾಡುವುದು ಒಳ್ಳೆಯದು’. ಅದನ್ನೂ ಹಿರಿಯರಿಗೆ ಮೆಲ್ಲಗೆ ಹೇಳಬೇಕು.

ನಮ್ಮ ಒಂದು ಪದದ ಜಾಗದಲ್ಲಿ ಅವರು ಆರೇಳು ಪದ ನಿಲ್ಲಿಸಿದ್ದಾರೆ. ತಾಂತ್ರಿಕ ಕೈಪಿಡಿಯಲ್ಲಿ ಹಝು ಬದಲು ಬೆಕಿ ಬಿದ್ದರೆ ‘ಒತ್ತಡ ಇಷ್ಟಿರುವ ನಿರೀಕ್ಷೆ’ ಎಂಬುದು ‘ಒತ್ತಡ ಇಷ್ಟಿರತಕ್ಕದ್ದು’ ಎಂದಾಗುತ್ತದೆ. ಓದುವ ತಂತ್ರಜ್ಞ ಎರಡಕ್ಕೂ ಬೇರೆ ಬೇರೆ ಕ್ರಮ ಕೈಗೊಳ್ಳುತ್ತಾನೆ.

ಹೇಮಾವತಿ ದಂಡೆ

ಬೆಕಿ ಮತ್ತು ಬೇಕು! ಕೇಳಲು ಎಷ್ಟು ಹತ್ತಿರ. ಸಂಬಂಧ ಇದೆಯೇ?

ಹಳೆಯ ಶಬ್ದ

ಇಲ್ಲ. ಬೆಕಿ ಎಂಬುದು ಬೆಶಿ ಎಂಬ ಹಳೆಯ ಸಹಾಯಕ ಪದದ ಒಂದು ರೂಪ. ಬೇಕು ಹಳಗನ್ನಡದ ಬೇಳ್ಕುಂ, ಬೇಡು ಎಂಬ ಧಾತುವಿನ ಬಳಗದ್ದು. ಎರಡರ ಹಿಂದಿನ ರೂಪಗಳನ್ನು ಪಕ್ಕದಲ್ಲಿಟ್ಟರೆ ಹೋಲಿಕೆ ಕರಗುತ್ತದೆ.

ಇದನ್ನು ಹೇಳಲು ಕಾರಣವಿದೆ. ಜಪಾನಿನ ಭಾಷಾವಿದ್ವಾಂಸ ಒನೊ ಸುಸುಮು ಜಪಾನಿಗೂ ತಮಿಳಿಗೂ ನಂಟಿದೆ ಎಂದು ದೀರ್ಘಕಾಲ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಬಹುತೇಕರು ಅದನ್ನು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಇವೆಲ್ಲ ಕೊರಿಯನ್, ಟರ್ಕಿಷ್ ಭಾಷೆಗಳಲ್ಲೂ ಇವೆ. ತಿಂದು ನೋಡು ಮತ್ತು ತಬೆತೆ ಮಿರು, ತಿಂದುಬಿಟ್ಟೆ ಮತ್ತು ತಬೆತೆ ಶಿಮತ್ತ, ಮಾಡಿಡು ಮತ್ತು ಶಿತೆ ಒಕು, ಇವು ಬೆರಗು ಹುಟ್ಟಿಸುವಷ್ಟು ಸಮನಾಗಿ ನಡೆಯುತ್ತವೆ. ಆ ಬೆರಗನ್ನು ಕಲಿಕೆಗೆ ಬಳಸೋಣ, ವಂಶವೃಕ್ಷ ಬರೆಯಲು ಬಳಸುವುದು ಬೇಡ.

ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ಸಂಗತಿ ಇದೆ: ಪದದ ಮೂಲ. ಜಪಾನಿ ಶಬ್ದಸಂಪತ್ತಿನಲ್ಲಿ ಮೂರು ಪದರಗಳು: ನೆಲದ ಪದಗಳಾದ ವಗೊ, ಚೀನಾ ಮೂಲದ ಕಂಗೊ, ಪಶ್ಚಿಮದಿಂದ ಬಂದ ಗಯಿರಯಿಗೊ. ದೇಶ್ಯ, ತತ್ಸಮ, ಅನ್ಯದೇಶ್ಯ ಎಂದು ಓದಿ ಬೆಳೆದ ನಮಗೆ ಇದು ಪರಿಚಿತ ನೆಲ. ತೊಡಗು, ಪ್ರಾರಂಭಿಸು, ಸ್ಟಾರ್ಟ್ ಮಾಡು ಎಂಬ ಮೂರನ್ನು ನಾವು ಎಲ್ಲೆಂದರಲ್ಲಿ ಅದಲುಬದಲು ಮಾಡುವುದಿಲ್ಲ. ಹಜಿಮೆರು, ಕಯಿಶಿ ಸುರು, ಸುತಾತೊ ಸುರು ಕೂಡ ಹಾಗೆಯೇ. ಮನೆಯಲ್ಲಿ ಊಟ ಶುರುಮಾಡೋಣ ಎನ್ನಲು ಹಜಿಮೆರು. ಮಾರಾಟ ಇಂಥ ದಿನದಿಂದ ಆರಂಭ ಎಂಬ ಪ್ರಕಟಣೆಗೆ ಕಯಿಶಿ. ಹೊಸ ಸೇವೆ, ಓಟದ ಸ್ಪರ್ಧೆ ಎಂದಾಗ ಸುತಾತೊ. ಯದೊ, ರ್ಯೋಕನ್, ಹೊತೆರು ಮೂರೂ ತಂಗುವ ಜಾಗಗಳೇ, ಆದರೆ ರ್ಯೋಕನ್ ಎಂದೊಡನೆ ತತಾಮಿ ಚಾಪೆ ಮತ್ತು ನೆಲದ ಹಾಸಿಗೆ, ಹೊತೆರು ಎಂದೊಡನೆ ಮಂಚ. ಜೋಡಿ ಪದ ಕಂಡಾಗ ಮೊದಲು ಯಾವುದು ಯಾವ ಪದರದ್ದು ಎಂದು ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಅಲ್ಲಿ ಸಿಗದಿದ್ದರೆ ಜೊತೆಗಾರ ಪದ ನೋಡಿ. ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆ 2011ರಲ್ಲಿ ಸುಮಾರು 10 ಕೋಟಿ ಪದಗಳ ಲಿಖಿತ ಜಪಾನಿ ಸಂಗ್ರಹವನ್ನು ಹೊರತಂದಿತು. ಶೋನಗೊನ್ ಎಂಬ ಅದರ ಹುಡುಕುತಾಣ ಉಚಿತ. ತ್ಸುಮೆತಯಿ ಹಾಕಿ ಮುಂದೆ ಯಾವ ನಾಮಪದ ಬರುತ್ತದೆ ನೋಡಿ: ನೀರು, ಕೈ, ಗಾಳಿ, ಹಾಗೆಯೇ ಮನುಷ್ಯ. ತ್ಸುಮೆತಯಿ ಹಿತೊ ಎಂದರೆ ಮನಸ್ಸಿನಲ್ಲಿ ಬೆಚ್ಚಗೆ ಇಲ್ಲದವನು. ಸಮುಯಿ ಹಾಕಿದರೆ ಬೆಳಗು, ಚಳಿಗಾಲ, ಕೋಣೆ. ಆಡುಮಾತಿನಲ್ಲಿ ನಗು ಬಾರದ ಹಾಸ್ಯಕ್ಕೂ ಸಮುಯಿ ಎನ್ನುವುದುಂಟು. ಯಾವ ನಿಘಂಟಿನ ಒಂದು ಸಾಲಿನ ಅರ್ಥಕ್ಕಿಂತಲೂ ಇಂಥ ವಾಕ್ಯಗಳ ಸಾಲು ಹೆಚ್ಚು ಕಲಿಸುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಹೇಮಾವತಿ ದಂಡೆ

ಶೋನಗೊನ್ ತೆರೆದು ಒಮೊವು, ಕಂಗಯೆರು ಹಾಕಿ ನೋಡುತ್ತಾ ಕುಳಿತೆ. ಎರಡೂ ಸಾವಿರಾರು ಇವೆ. ವರದಿಯ ಕೊನೆಗೆ ‘ಹೀಗೆ ಮಾಡುವುದು ಸೂಕ್ತ ಎಂದು ನನ್ನ ಅಭಿಪ್ರಾಯ’ ಎನ್ನಲು ಯಾವುದು?

ಮೈಸೂರು ಪಾಠ

ಅನ್ನಿಸು ಮತ್ತು ಯೋಚಿಸು. ಒಮೊವು ತಾನಾಗಿ ಮನಸ್ಸಿಗೆ ಬರುವುದು. ಸಂತೋಷ ಎನಿಸಿತು, ನೆನಪಾಗಿ ಹಂಬಲ ಎನಿಸಿತು, ಇವೆಲ್ಲ ಒಮೊವು. ಕಂಗಯೆರು ತಲೆ ಖರ್ಚು ಮಾಡಿ ಹಂತಹಂತವಾಗಿ ಮಾಡುವ ಕೆಲಸ. ಪರಿಹಾರವನ್ನು ಕಂಗಯೆರು ಮಾಡಬಹುದು, ಒಮೊವು ಮಾಡಲಾಗದು.

ಅನುವಾದದ ಮೇಜು

ವರದಿಗೆ ‘ತೊ ಕಂಗಯೆಮಸ್’. ಅಂಕಿಅಂಶ ನೋಡಿ, ಆಯ್ಕೆಗಳನ್ನು ತೂಗಿ ಬಂದ ತೀರ್ಮಾನ ಎಂಬ ಭಾರ ಅದಕ್ಕಿದೆ. ‘ತೊ ಒಮೊಯಿಮಸ್’ ಸಭೆಯಲ್ಲಿ ಮಾತನಾಡುವಾಗ ಸೊಗಸು, ಮಾತನ್ನು ಮೆತ್ತಗಾಗಿಸುತ್ತದೆ. ಆದರೆ ವರದಿಯ ಪ್ರತಿ ವಾಕ್ಯದ ಕೊನೆಗೂ ಬಂದರೆ ಬರೆದವರಿಗೆ ಯಾವುದರ ಮೇಲೂ ಹಿಡಿತವಿಲ್ಲ ಎನಿಸುತ್ತದೆ. ಇನ್ನೊಂದು: ಬೇರೆಯವರ ಅನಿಸಿಕೆಯನ್ನು ವರದಿ ಮಾಡುವಾಗ ‘ತೊ ಒಮೊವು’ ಎಂದು ನಿಲ್ಲಿಸಬಾರದು, ‘ತೊ ಒಮೊತ್ತೆ ಇರು’ ಎನ್ನಬೇಕು. ಇನ್ನೊಬ್ಬರ ಮನಸ್ಸಿನೊಳಗೆ ನೇರವಾಗಿ ಇಳಿದು ಮಾತನಾಡಲು ಜಪಾನಿ ಬಿಡುವುದಿಲ್ಲ. ಅವನಿಗೆ ಚಳಿಯಾಗಿದೆ ಎನ್ನಲೂ ಬರೀ ಸಮುಯಿ ಸಾಲದು, ಸಮುಗತ್ತೆ ಇರು ಎನ್ನುತ್ತಾರೆ, ಅಂದರೆ ಚಳಿಯಾದವನಂತೆ ನಡೆದುಕೊಳ್ಳುತ್ತಿದ್ದಾನೆ. ‘ಅವನಿಗೆ ಚಳಿ’ ಎಂದು ಸಲೀಸಾಗಿ ಹೇಳುವ ಕನ್ನಡಿಗರು ಇದನ್ನು ಪಟ್ಟಿಗೆ ಸೇರಿಸಿಕೊಳ್ಳಲೇಬೇಕು.

ನೇತ್ರಾವತಿ

ನನ್ನದೂ ಒಂದು ಪ್ರಶ್ನೆ ಉಳಿದಿದೆ. ಉರೆಶೀ ಮತ್ತು ತನೊಶೀ ನನಗೆ ಸ್ಪಷ್ಟ: ಸುದ್ದಿ ಕೇಳಿ ಆದ ಹಿಗ್ಗು ಉರೆಶೀ, ಮಾಡುತ್ತಾ ಮಾಡುತ್ತಾ ಸಿಗುವ ಖುಷಿ ತನೊಶೀ, ಪತ್ರ ಬಂದದ್ದಕ್ಕೆ ಉರೆಶೀ, ಪ್ರವಾಸಕ್ಕೆ ತನೊಶೀ. ಆದರೆ ಮಿಯೆರು ಮತ್ತು ಮಿರರೆರು? ಎರಡಕ್ಕೂ ‘ನೋಡಲು ಸಾಧ್ಯ’ ಎಂದೇ ಅರ್ಥ ಬರೆದುಕೊಂಡಿದ್ದೇನೆ.

ನಗೋಯಾ ನಿವಾಸಿ

ಈ ಬಾರಿ ಕನ್ನಡವನ್ನು ನಾನೇ ಕರೆಯುತ್ತೇನೆ. ಮಿಯೆರು ಎಂದರೆ ಕಾಣಿಸುತ್ತದೆ, ಮಿರರೆರು ಎಂದರೆ ನೋಡಬಹುದು. ಟೋಕಿಯೊದಿಂದ ಒಸಾಕಾ ಕಡೆಗೆ ಶಿಂಕನ್‌ಸೆನ್ ಬುಲೆಟ್ ರೈಲಿನಲ್ಲಿ ಹೋಗುವಾಗ ಬಲಗಡೆಯ ಕಿಟಕಿಯಲ್ಲಿ ಫುಜಿ ಪರ್ವತ, ಮೋಡ ಇಲ್ಲದಿದ್ದರೆ, ಮಿಯೆರು. ನೀವು ಏನೂ ಮಾಡಬೇಕಾಗಿಲ್ಲ, ಅದು ಕಣ್ಣಿಗೆ ಬೀಳುತ್ತದೆ. ಟೋಕಿಯೊದ ಗಿಂಜಾದಲ್ಲಿರುವ ಕಬುಕಿಜಾ ರಂಗಮಂದಿರದಲ್ಲಿ ಕಬುಕಿ ನಾಟಕ ಮಿರರೆರು. ಅಲ್ಲಿಗೆ ಹೋಗಬೇಕು, ಟಿಕೆಟ್ ಕೊಳ್ಳಬೇಕು, ಆಗ ನೋಡುವ ಅವಕಾಶ. ಕಿಕೊಯೆರು, ಕಿಕೆರು ಜೋಡಿಯೂ ಹೀಗೆಯೇ: ಪಕ್ಕದ ಮನೆಯ ಪಿಯಾನೊ ಕಿಕೊಯೆರು, ರೇಡಿಯೊ ಕಾರ್ಯಕ್ರಮ ಮೊಬೈಲ್‌ನಲ್ಲೂ ಕಿಕೆರು.

ಒಂದು ಸೇರಿಕೆ. ಇಲ್ಲಿ ಸುತ್ತಮುತ್ತ ನಿಮಗೆ ಮಿರರೆರು ಬದಲು ಮಿರೆರು ಎಂಬುದೇ ಹೆಚ್ಚು ಕೇಳಿಸೀತು. ಜಪಾನಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ ಪ್ರತಿ ವರ್ಷ ಭಾಷಾ ಬಳಕೆಯ ಸಮೀಕ್ಷೆ ನಡೆಸುತ್ತದೆ. 2015ನೇ ಸಾಲಿನದರಲ್ಲಿ ಮಿರೆರು ಎನ್ನುವವರ ಸಂಖ್ಯೆ ಮೊದಲ ಬಾರಿಗೆ ಮಿರರೆರು ಎನ್ನುವವರನ್ನು ದಾಟಿತು. ಸ್ನೇಹಿತರ ಜೊತೆ ಮಿರೆರು ಎನ್ನಿ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಚೇರಿಯ ಪತ್ರದಲ್ಲಿ ಮತ್ತು ಪರೀಕ್ಷೆಯಲ್ಲಿ ಮಾತ್ರ ಮಿರರೆರು ಎಂದೇ ಬರೆಯಿರಿ.